ಒಪ್ಪಿಸುವ ದನಿ

ಜೂನ್ 3, ಸೋಮವಾರ
ಇವತ್ತೂ ಗೋಡೆಗೆ ಹೇಳಿದ ಹಾಗಾಯಿತು. ಸೂಪರ್‌ವೈಸರ್ ಎಂದು ಬ್ಯಾಡ್ಜ್ ಕೊಟ್ಟಿದ್ದಾರೆ, ಕಿವಿ ಕೊಡುವವರನ್ನು ಕೊಟ್ಟಿಲ್ಲ.

ಹೋಟೆಲುಗಳ ಬೆಡ್‌ಶೀಟು, ಟವೆಲ್ಲು ಒಗೆಯುವ ಲಾಂಡ್ರಿ ನಮ್ಮದು. ಒಣಗಿಸುವ ಡ್ರಮ್ಮುಗಳು ಆಳು ಹಿಡಿಸುವಷ್ಟು ದೊಡ್ಡವು. ಒಳಗೆ ಅಂಟಿದ ನೂಲಿನ ಧೂಳು ತೆಗೆಯಲು ಒಳಗೇ ಇಳಿಯಬೇಕು. ತಳದಲ್ಲಿ ಕುಳಿತವರು ಬಾಗಿಲಿನಿಂದ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಸ್ವಿಚ್ ಹಾಕುವ ಮೊದಲು ಎಲ್ಲ ಮೆಷಿನ್ ನಿಲ್ಲಿಸಿ, "ಒಳಗ್ಯಾರಾದ್ರೂ ಇದ್ದೀರಾ?" ಎಂದು ಕೂಗಿ ಕಾಯುವ ಪದ್ಧತಿ. ಮ್ಯಾನೇಜರ್‌ಗೆ ಅದು ಟೈಮ್ ವೇಸ್ಟ್.

"ಒಂದ್ಸಲ ಇಣುಕಿ ನೋಡಿದ್ರೆ ಸಾಕು. ಈ ತಿಂಗಳೊಳಗೆ ಎಲ್ಲರನ್ನೂ ಒಪ್ಪಿಸಿ. ಆಗ್ಲಿಲ್ಲ ಅಂದ್ರೆ ನೀವು ವಾಪಸ್ ಇಸ್ತ್ರಿ ಟೇಬಲ್‌ಗೆ."

ವಾಪಸ್ ಹೋಗಲಾರೆ. ಹೋಗುವುದಿಲ್ಲ.

ಜೂನ್ 5, ಬುಧವಾರ
ಜನರನ್ನು ಒಪ್ಪಿಸುವುದು ಹೇಗೆ ಎಂದು ಟ್ರೇನಿಂಗ್. ಎದುರಿನವರ ಮಾತನ್ನೇ ಮೊದಲು ಅವರಿಗೆ ಹೇಳಬೇಕಂತೆ. ದನಿ ತಗ್ಗಿಸಬೇಕಂತೆ. ಸಣ್ಣದಕ್ಕೆ ಹೂಂ ಅನ್ನಿಸಿ ಆಮೇಲೆ ದೊಡ್ಡದು ಕೇಳಬೇಕಂತೆ. "ದಿನಾ ನಿಮ್ಮ ದನಿ ನೀವೇ ಕೇಳಿಸಿಕೊಳ್ಳಿ. ಮೊದಲು ನಿಮ್ಮನ್ನ ನೀವು ಒಪ್ಪಿಸಿ" ಎಂದರು ಟ್ರೇನರ್.

ಎಲ್ಲಿ ಕೇಳಿಸಿಕೊಳ್ಳುವುದು? ಮನೆಯಲ್ಲಿ ಅತ್ತೆಯ ಟಿವಿ, ಮಗಳ ರಂಪ.

ಜೂನ್ 6, ಟೀ ಬ್ರೇಕ್
ಜಾಗ ಸಿಕ್ಕಿತು! ಎರಡನೇ ಡ್ರಮ್ಮು. ಬಾಗಿಲು ಎಳೆದುಕೊಂಡು ಒಳಗೆ ಕುಳಿತು ಮಾತಾಡಿದೆ. ಬಿಸಿ ಇನ್ನೂ ಆರಿರಲಿಲ್ಲ. ದನಿ ಒಂದು ಸುತ್ತು ಹಾಕಿ ವಾಪಸ್ ಬರುತ್ತದೆ. ನಾನು ಆಡಿದ್ದಕ್ಕಿಂತ ಚೆನ್ನಾಗಿ ಬರುತ್ತದೆ... ನಗು ಬಂತು.

ಜೂನ್ 12
ಕೆಲಸ ಮಾಡುತ್ತಿದೆ! ಮಡಿಸುವ ಟೇಬಲ್ಲಿನ ಹುಡುಗಿ — ಎಲ್ಲರೂ ಅವಳನ್ನು ವಟವಟ ಅನ್ನುತ್ತಾರೆ — ಮೊದಲು ನನ್ನ ಮಾತಿಗೆ ಬಿದ್ದಳು.

"ಕೂಗಿ ಕೂಗಿ ಗಂಟಲು ಹೋಗುತ್ತೆ ಅಲ್ವಾ?"
"ಹೂಂ."
"ಇಣುಕಿದ್ರೆ ಕಾಣುತ್ತೆ ಅಲ್ವಾ?"
"ಹೂಂ..."
"ಮತ್ತೆ ಕೂಗೋದ್ಯಾಕೆ?"
"ಹೌದಲ್ವಾ ಮೇಡಂ!"

ಅವಳ ಹಿಂದೆಯೇ ಉಳಿದವರು. ದೊಡ್ಡಮ್ಮ ಮಾತ್ರ ಜಗ್ಗಲಿಲ್ಲ. ಎರಡನೇ ಡ್ರಮ್ಮಿನ ಸ್ವಿಚ್ ಅವರದು. ವಯಸ್ಸಿನಿಂದ ನಮಗೆಲ್ಲ ದೊಡ್ಡಮ್ಮ. "ನೀನು ಎಷ್ಟು ಪುಸಲಾಯಿಸಿದ್ರೂ ಕೂಗ್ದೆ ನಾನು ಕೈ ಹಾಕಲ್ಲ ಕಣಮ್ಮ. ಒಳಗಿರೋರಿಗೆ ನಮ್ಮ ದನಿ ಬಿಟ್ರೆ ಇನ್ನೇನಿದೆ?"

ಮುದುಕಿಯ ಹಟ. ಮೈ ಉರಿಯಿತು.

ಜೂನ್ 17
ಅತ್ತೆ "ಸರಿ" ಅಂದರು. ಮದುವೆಯಾದ ಮೇಲೆ ಇದೇ ಮೊದಲು. ಟಿವಿ ಆರಿಸಲಾ ಎಂದು ಕೇಳಿದ್ದೆ — ಇಲ್ಲ, ಕೇಳಿರಲಿಲ್ಲ. ಬಾಯಿ ತೆರೆದಿದ್ದೆ ಅಷ್ಟೆ. ಮಗಳೂ ಹಾಗೇ. ಹಾಲು ಕುಡಿ ಎನ್ನುವ ಮೊದಲೇ ಲೋಟ ಖಾಲಿ. ಇಬ್ಬರೂ ತಲೆಯಾಡಿಸುವುದು ಒಂದೇ ಥರ. ಖುಷಿಯಾಗಬೇಕಿತ್ತು.

ಡ್ರಮ್ಮಿನಲ್ಲಿ ಇವತ್ತು ನಾನು ಸುಮ್ಮನಾದ ಮೇಲೂ ದನಿ ಸುಮ್ಮನಾಗಲಿಲ್ಲ. "ದೊಡ್ಡಮ್ಮನಿಗೆ ಕಾಲುನೋವು. ಅಲ್ಲಿಂದ ಶುರು ಮಾಡು." ಬಿಸಿಗೆ ಹೀಗೆಲ್ಲ ಕೇಳಿಸುತ್ತದೆ. ಬಿಸಿಗೇ ಇರಬೇಕು.

ಜೂನ್ 18
ಕಾಲುನೋವಿನಿಂದ ಶುರು ಮಾಡಿದೆ. "ಸರಿ ಮೇಡಂ" ಅಂದರು ದೊಡ್ಡಮ್ಮ. ನನ್ನನ್ನು ಎಂದೂ ಮೇಡಂ ಅಂದವರಲ್ಲ. ಹೇಳುವಾಗ ನನ್ನನ್ನು ನೋಡಲಿಲ್ಲ. ನನ್ನ ಹಿಂದಿದ್ದ ಎರಡನೇ ಡ್ರಮ್ಮನ್ನು ನೋಡುತ್ತಿದ್ದರು.

ಮ್ಯಾನೇಜರ್ ಕೈ ಕುಲುಕಿದರು. ಪೋಸ್ಟ್ ಖಾಯಂ.

ಜೂನ್ 26
ವಟವಟ ಧೂಳು ತೆಗೆಯಲು ಎರಡನೇ ಡ್ರಮ್ಮಿನ ಒಳಗಿದ್ದಳು. ದೊಡ್ಡಮ್ಮನ ಕೈ ಸ್ವಿಚ್ಚಿನ ಮೇಲಿತ್ತು. ಓಡಿಹೋಗಿ ಕೈ ಎಳೆದೆ.

"ನೋಡ್ಲಿಲ್ವಾ ದೊಡ್ಡಮ್ಮ?"
"ಯಾರೂ ಇಲ್ಲ ಅಂದ್ರಲ್ಲ ಮೇಡಂ, ನೀವೇ."

ನಾನು ಅನ್ನಲಿಲ್ಲ. ನಾನು ಆ ತುದಿಯಲ್ಲಿದ್ದೆ. ಹೊರಗೆ ಬಂದ ಹುಡುಗಿ ನಡುಗಲಿಲ್ಲ, ಬೈಯಲಿಲ್ಲ. ಬಾಯಿ ಮುಚ್ಚದವಳು "ಸರಿ" ಅಂದಳು, ಅಷ್ಟೆ.

ಇನ್ನು ಮೇಲೆ ಕೂಗಿ ಎಂದೆ. ಎಲ್ಲರೂ ತಲೆಯಾಡಿಸಿದರು. ಒಬ್ಬರೂ ಕೂಗಲಿಲ್ಲ. ನನಗೆ ಭಯವಾಗುತ್ತಿದೆ.

ಜೂನ್ 27, ಟೀ ಬ್ರೇಕ್
ಡ್ರಮ್ಮಿನೊಳಗೆ ಕುಳಿತಿದ್ದೇನೆ. ಇಲ್ಲಿ ಕಲಿತ ಮಾತನ್ನು ಇಲ್ಲೇ ಅಳಿಸಬೇಕು. ಒಂದೊಂದೇ ಪಾಯಿಂಟ್ ಬರೆದು, ಜೋರಾಗಿ ಓದುತ್ತಿದ್ದೇನೆ. "ಕೂಗಿ. ದಯವಿಟ್ಟು ಕೂಗಿ."

ವಾಪಸ್ ಬಂದದ್ದು — "ಬೇಡ."

ಮತ್ತೆ ಹೇಳಿದೆ. "ಬೇಡ." ತಗ್ಗಿದ ದನಿ. ಎಷ್ಟು ಹಿತವಾಗಿತ್ತೆಂದರೆ ಒಂದು ಕ್ಷಣ ನನಗೂ ಹೌದೆನಿಸಿತು.

ಟೀ ಮುಗಿಸಿ ಬಂದರು. ಚಪ್ಪಲಿಯ ಸದ್ದು. ಯಾರೋ ಬಾಗಿಲು ತಳ್ಳಿದರು, ಲಾಕ್ ಬಿತ್ತು. ಕಿರುಚಿದೆ. ಗುದ್ದಿದೆ. ಗಾಜಿನ ಕಿಂಡಿಯಷ್ಟೇ ಬೆಳಕು... ಕೈ ಮಾತ್ರ ಬರೆಯುವುದನ್ನು ಬಿಡುತ್ತಿಲ್ಲ.

ಗಾಜಿನಲ್ಲಿ ದೊಡ್ಡಮ್ಮನ ಮುಖ. ಕಣ್ಣು ನನ್ನ ಮೇಲಿಲ್ಲ. ಆದರೆ ತುಟಿ ಆಡುತ್ತಿದೆ — ಕೂಗುತ್ತಿದ್ದಾರೆ! ಹಳೇ ಅಭ್ಯಾಸ, ಇನ್ನೂ ಹೋಗಿಲ್ಲ! "ಒಳಗ್ಯಾರಾದ್ರೂ ಇದ್ದೀರಾ?"

ಇದ್ದೀನಿ ಅಂದೆ. ಇದ್ದೀನಿ ದೊಡ್ಡಮ್ಮ, ನಾನಿದ್ದೀನಿ.

ಬೆನ್ನ ಹಿಂದಿನಿಂದ, ನನ್ನದೇ ದನಿ, ನಿಧಾನವಾಗಿ — "ಯಾರೂ ಇಲ್ಲ. ಹಾಕಿ."

ದೊಡ್ಡಮ್ಮ ತಲೆಯಾಡಿಸಿದರು. "ಸರಿ