ಉಕ್ಕಿನ ತಿರುಪಿನದಲ್ಲ ತಪ್ಪು

ಲೇತ್ ಕೋಣೆ, ಮನೆಯ ಹಿಂಭಾಗ
ನವೆಂಬರ್ 9, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಬಾಡಿಗೆ ಕೋಣೆಗೆ ಬಿಸಿಲು ಬರುತ್ತದೆಯೇ? ಬೆರಳಿನ ಗಾಯ ಮಾಯಿತೇ? ಊಟ ಮರೆತು ಕೆಲಸ ಮಾಡುವ ಚಾಳಿ ನನ್ನಿಂದಲೇ ಬಂದದ್ದು, ಬೈಯಲು ನನಗೆ ಬಾಯಿಲ್ಲ. ಅಮ್ಮ ಆರೋಗ್ಯವಾಗಿದ್ದಾಳೆ, ನನ್ನ ಜೊತೆ ಮಾತ್ರ ಮಾತು ಕಡಿಮೆ. ಅಕ್ಷರ ಅಂಕುಡೊಂಕಾಗಿದ್ದರೆ ಬೇಸರಿಸಬೇಡ, ಈ ಕೋಣೆಯ ಬಲ್ಬು ಸರಿಯಿಲ್ಲ.

ನೀನು ಹೋಗಿ ಏಳು ತಿಂಗಳಾಯಿತು. ಅಂದು ಜಗಳಕ್ಕೆ ಕಾರಣವಾದ, ನೀನು ಮಾಡಿದ ಆ ಕ್ಯೂ, ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲು, ಅಂದಿನಿಂದ ಅಟ್ಟದ ಮೇಲೇ ಇತ್ತು, ನಾನು ಮುಟ್ಟಿರಲಿಲ್ಲ. ಮೊನ್ನೆ ಅದರ ಯಜಮಾನ, ನಮ್ಮ ಮೀಸೆ ಟೈಲರ್, ಕೇಳಿಕೊಂಡು ಬಂದ. ನಿನಗೆ ನೆನಪಿದ್ದೇ ಇರುತ್ತದೆ. ಅಂದು ಅವನು, ಹೊಡೆದಾಗಲೆಲ್ಲ ಜೋಡಣೆಯಲ್ಲಿ ಟಕ್ ಎನ್ನುತ್ತದೆ ಎಂದು ದೂರು ತಂದಿದ್ದ. ನೀನು "ಮರ ಹಸಿ ಇತ್ತು ಅಪ್ಪಾ" ಅಂದೆ. ನಾನು ಅವನ ಎದುರಿಗೇ "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದುಬಿಟ್ಟೆ. ನೀನು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದೆ. ಅದು ಇನ್ನೂ ಅಲ್ಲೇ ಇದೆ.

ನಮ್ಮ ವಾದ ಹಳೆಯದು. ಎರಡು ತುಂಡಿನ ನಡುವೆ ಮರಕ್ಕೆ ಮರದ್ದೇ ತಿರುಪು ಕೊರೆದರೆ ಪೆಟ್ಟು ಅಂಗೈಗೆ ಮೆತ್ತಗೆ ಬರುತ್ತದೆ, ಚೆಂಡು ಕೈಯೊಡನೆ ಮಾತಾಡುತ್ತದೆ ಎಂದು ನಾನು. ಉಕ್ಕಿನ ತಿರುಪು ಸವೆಯುವುದಿಲ್ಲ, ಸಾವಿರ ಸಲ ಬಿಚ್ಚಿ ಕಟ್ಟಿದರೂ ನೆಟ್ಟಗೆ ಕೂರುತ್ತದೆ ಎಂದು ನೀನು. ಉಕ್ಕು ಹಾಕಿದರೆ ಭಾರ ಮುಂದಕ್ಕೆ ಬೀಳುತ್ತದೆ ಎಂದರೆ, "ಹಿಡಿಕೇಲಿ ಸರಿದೂಗಿಸ್ತೀನಿ ಬಿಡಪ್ಪ" ಅನ್ನುತ್ತಿದ್ದೆ ನೀನು. ಸರಿದೂಗಿಸುತ್ತಲೂ ಇದ್ದೆ. ಅದೇ ನನಗೆ ಉರಿ.

ಮೊನ್ನೆ ಜೋಡಣೆಯನ್ನು ಉದ್ದಕ್ಕೆ ಸೀಳಿದೆ. ಬೆರಳಾಡಿಸಿ ನೋಡಿದೆ. ನಿನ್ನ ಉಕ್ಕು ನೆಟ್ಟಗಿತ್ತು, ಅಂಟು ಎಲ್ಲೂ ಬಿಟ್ಟಿರಲಿಲ್ಲ. ಅದರ ಎದುರಿನ ತುಂಡಿನ ಮರ ಒಣಗುತ್ತಾ ಸೆಟೆದು, ದುಂಡನೆಯ ತೂತು ಮೊಟ್ಟೆಯಾಕಾರವಾಗಿತ್ತು. ಮರ ಆರಿಸಿ ಕೊಟ್ಟವನು ನಾನು. ಎರಡು ವರ್ಷ ಒಣಗಲು ನೇತುಹಾಕದೆ ಯಾವ ಮರಕ್ಕೂ ಉಳಿ ಮುಟ್ಟಿಸಬಾರದು ಎಂಬುದು ನನ್ನದೇ ಕಟ್ಟಳೆ. ಅದಕ್ಕೇ ಪ್ರತಿ ಕಟ್ಟಿಗೂ ತಾರೀಖಿನ ಚೀಟಿ ಕಟ್ಟುತ್ತೇನೆ. ಆ ಕಟ್ಟಿನ ಚೀಟಿಯನ್ನು ಅಮ್ಮನಿಂದ ಓದಿಸಿದೆ. ನಿನಗೆ ಕೊಟ್ಟಾಗ ಆ ಮರಕ್ಕೆ ಬರೀ ಐದು ತಿಂಗಳು.

ಟೈಲರ್ ಎದುರಿಗೇ ನಿನ್ನನ್ನು ಹಂಗಿಸಿದ್ದೆನಲ್ಲ, ಅವನನ್ನೇ ಕರೆದು ತಪ್ಪು ನನ್ನದು ಎಂದೆ. ಅವನು ಸೀಳಿದ ತುಂಡುಗಳನ್ನೇ ಎತ್ತಿಕೊಂಡು, "ನನಗ್ಯಾಕೆ ಹೇಳ್ತೀರಿ ಯಜಮಾನ್ರೇ, ಮಗಳಿಗೆ ಹೇಳಿ" ಎಂದು ಹೋದ. ಅದಕ್ಕೆ ಬರೆಯುತ್ತಿದ್ದೇನೆ. ನನ್ನನ್ನು ಕ್ಷಮಿಸು ಮಗಳೇ. ನಿನ್ನ ಕೈ ನನ್ನ ಕೈಗಿಂತ ಮೇಲು ಎಂದು ಬಹಳ ಹಿಂದೆಯೇ ಗೊತ್ತಿತ್ತು, ಹೇಳಲು ನಾಲಿಗೆ ಏಳಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ.

ನಿನ್ನ ಮೊಂಡು
ಅಪ್ಪ

ವಿ. ಸೂ.: ಬಲ್ಬು ಸರಿಯಾಗಿಯೇ ಇದೆ. ಕೆಟ್ಟಿರುವುದು ನನ್ನ ಕಣ್ಣು. ಮರ ಆರಿಸಿದ ದಿನವೂ ಚೀಟಿ ಕಾಣಿಸಿರಲಿಲ್ಲ, ಕಂಡವನ ಹಾಗೆ ತಲೆಯಾಡಿಸಿದ್ದೆ. ಈಗ ನೇರ ನೋಡಿದರೆ ನಡುವೆ ಬರೀ ಮಬ್ಬು. ವಾಸಿಯಾಗುವುದಿಲ್ಲ ಎಂದಿದ್ದಾರೆ ಡಾಕ್ಟರು. ಲೇತ್ ನಿಲ್ಲಿಸಿದ್ದೇನೆ, ಕೆಲಸಕ್ಕೆಂದು ನೀನು ಬರುವುದು ಬೇಡ. ನಿನ್ನ ಮುಖ ನನಗೆ ಇನ್ನೂ ಗುರುತು ಸಿಗುತ್ತಿರುವಾಗಲೇ ಒಮ್ಮೆ ಬಂದು ಹೋಗು.