ಪಿಯಾನೋಗೆ ಹಚ್ಚಿದ ಗಂಧ

ಮಂಡ್ಯ
20-10-1975

ಪ್ರೀತಿಯ ಅಪ್ಪನಿಗೆ ಚೂಡಾಮಣಿಯ ನಮಸ್ಕಾರಗಳು.

ರಾಯಚೂರಿನ ಬಿಸಿಲು ಈಗಲಾದರೂ ಇಳಿದಿದೆಯೆ? ಅಮ್ಮನ ಮಂಡಿನೋವು ಹೇಗಿದೆ? ಈ ಸಲದ ವರ್ಗಾವಣೆಯಲ್ಲಿ ಮೆಟ್ಟಿಲಿಲ್ಲದ ಮನೆ ಸಿಕ್ಕಿದ್ದು ಒಳ್ಳೆಯದಾಯಿತು. ಇಲ್ಲಿ ಅಜ್ಜಿ ಆರೋಗ್ಯವಾಗಿದ್ದಾರೆ. ಮಳವಳ್ಳಿಯ ಹೈಸ್ಕೂಲಿನಿಂದ ನನಗೆ ಇನ್ನೂ ಉತ್ತರ ಬಂದಿಲ್ಲ. ಕನ್ನಡದಲ್ಲಿ ಬಿ.ಎ. ಆದವರು ಊರುಗಳಿಗಿಂತ ಹೆಚ್ಚಾಗಿದ್ದೇವೆಂದು ಕಾಣುತ್ತದೆ.

ನೀವು ಕೇಳಿದ್ದು ರಂಗನ ವಿಷಯ. ದಸರೆಗೆ ಬಂದಿದ್ದ ತಮ್ಮ ಬೊಂಬಾಯಿಗೆ ಹಿಂತಿರುಗಿದ್ದಾನೆ. ವಿಯೆನ್ನಾದಿಂದ ಬಂದ ಸಂಗೀತದ ಮೇಷ್ಟರ ಎದುರು ಹದಿನೆಂಟರಂದು ನುಡಿಸಬೇಕಿತ್ತು. ಆಯ್ಕೆಯಾದರೆ ವಿಯೆನ್ನಾದಲ್ಲೇ ಎರಡು ವರ್ಷ ಕಲಿಯಬಹುದು. ಆಗದಿದ್ದರೆ ನೀವು ಹೇಳಿರುವಂತೆ ಪಿಯಾನೋ ಬಿಟ್ಟು ಬೆಂಗಳೂರಿನ ಬ್ಯಾಂಕಿಗೆ ಸೇರಬೇಕು. ತಂತಿ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಇಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಅವನು ಬಂದದ್ದೇ ಅಭ್ಯಾಸಕ್ಕೆ. ಹಾಸ್ಟೆಲಿನ ಪಿಯಾನೋಗೆ ಸರದಿ ಕಾಯಬೇಕಂತೆ. ಮದ್ದೂರಿನ ಮಿಷನ್ ಡಾಕ್ಟರು ಊರು ಬಿಡುವಾಗ ನೀವು ಕೊಂಡು, ಕಬ್ಬಿನ ಗಾಡಿಯಲ್ಲಿ ಹುಲ್ಲು ಹಾಸಿ ತರಿಸಿದ್ದಿರಲ್ಲ, ಅದಾದರೆ ಇಡೀ ದಿನ ಅವನದೇ. ಮೇಷ್ಟರ ಎದುರು ತಾನೇ ರಚಿಸಿದ್ದನ್ನು ನುಡಿಸುವವನಿದ್ದ. ಅದರ ಕೊನೆ ಮಾತ್ರ ಇನ್ನೂ ಕೂಡಿಬಂದಿರಲಿಲ್ಲ. ಆದರೆ ಅವನು ರೈಲಿಳಿದ ಬೆಳಿಗ್ಗೆಯೇ ಸರಸ್ವತಿ ಪೂಜೆ. ಅವನು ಮನೆಗೆ ಬರುವಷ್ಟರಲ್ಲಿ ಅಜ್ಜಿ ನನ್ನ ಪುಸ್ತಕಗಳನ್ನು ಮಂಟಪದಲ್ಲಿಟ್ಟು, ಪಿಯಾನೋಗೆ ತಮ್ಮ ಮದುವೆಯ ಸೀರೆ ಹೊದಿಸಿ, ಮೇಲೆ ಸೇವಂತಿಗೆ ಹಾರ ಹಾಕಿಯಾಗಿತ್ತು. ಪೂಜೆಗಿಟ್ಟದ್ದನ್ನು ವಿಜಯದಶಮಿಯ ತನಕ ಮುಟ್ಟುವಂತಿಲ್ಲ. ರಂಗ ಎಷ್ಟು ಗೋಗರೆದರೂ ಅಜ್ಜಿಯದು ಒಂದೇ ಮಾತು: "ವಿಯೆನ್ನಾಗಾದರೂ ಹೋಗು, ಚಂದ್ರಲೋಕಕ್ಕಾದರೂ ಹೋಗು. ದಶಮಿ ದಿನ ಮುಟ್ಟಿ ಹೋಗು."

ಅವನು ಜಗಳವಾಡಲಿಲ್ಲ. ಊಟದ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆಯೇ ಬೆರಳಾಡಿಸುತ್ತ ಕೂತ. ಮನೆಯಲ್ಲೆಲ್ಲ ಹಲಸಿನ ಹಲಗೆಯ ಟಕಟಕ. ಆಯುಧಪೂಜೆಯ ದಿನ ಹಾಲು ತಂದ ಹೊಳಲಿನ ಕೆಂಪಯ್ಯ ಇದನ್ನು ಕಂಡು, "ಇದೇನ್ರವ್ವಾ, ಕಣ ತುಳಿಯೋ ಎತ್ತಿನ ಬಾಯ್ಗೆ ಕುಕ್ಕೆ ಆಕ್ದಂಗೆ ಆಕ್ಬುಟ್ಟಿದ್ದೀರಿ ಉಡುಗುಂಗೆ!" ಎಂದ. ಅಜ್ಜಿ ಬಿಡುತ್ತಾರೆಯೇ? "ನೀನು ಇವತ್ತು ನೇಗಿಲು ಹೂಡಿದೆಯೇನಯ್ಯಾ?" ಎಂದರು. "ಎಲ್ಲಾರ ಉಂಟಾ? ಅದ್ಕೂ ಪೂಜೆ ಮಾಡಿ ಮಡಗಿವ್ನಿ ಕಣ್ರವ್ವಾ," ಎಂದು ಕೆಂಪಯ್ಯ ಹಾಲು ಅಳೆದು ಹೋದ.

ದಶಮಿಯ ಬೆಳಿಗ್ಗೆ ಮಂಗಳಾರತಿಯಾದ ಮೇಲೆ ರಂಗ ಸೀರೆ ಸರಿಸಿ ಮುಚ್ಚಳ ಎತ್ತಿದ. ಬಿಳಿ ಕೀ, ಕಪ್ಪು ಕೀ, ಎಲ್ಲಕ್ಕೂ ಅಜ್ಜಿ ಗಂಧ ಹಚ್ಚಿ ಕುಂಕುಮವಿಟ್ಟಿದ್ದರು. ಧಾರಾಳವಾಗಿಯೇ ಹಚ್ಚಿದ್ದರು. ಗಂಧ ಸಂದುಗಳಿಗೆ ಇಳಿದು ಒಣಗಿ ನಡುವಿನ ಕೀಗಳು ಕಚ್ಚಿಕೊಂಡಿದ್ದವು. ಒತ್ತಿದರೆ ಕೆಲವು ಇಳಿಯಲಿಲ್ಲ, ಇಳಿದವು ಏಳಲಿಲ್ಲ. ಅಜ್ಜಿ ಪಕ್ಕದಲ್ಲೇ ನಗುತ್ತ ನಿಂತಿದ್ದರು. "ಒಂದನ್ನೂ ಬಿಟ್ಟಿಲ್ಲ ಕಣೋ. ಕರೀವು ಏನು ಪಾಪ ಮಾಡಿದ್ದವು?"

ರಂಗ ನನ್ನ ಮುಖ ನೋಡಿದ. ಆಮೇಲೆ ಕೂತು, ಮೊದಲಿನಿಂದ ಕೊನೆಯವರೆಗೆ ಹಾಗೆಯೇ ನುಡಿಸಿದ. ಸ್ವರ ಬರಬೇಕಾದ ಎಷ್ಟೋ ಕಡೆ ಬೆರಳು ಬಿದ್ದ ಸದ್ದಷ್ಟೇ ಬಂತು. "ನಡುನಡುವೆ ಯಾಕೋ ಉಸಿರು ಕಟ್ಟುತ್ತೆ ಇದಕ್ಕೆ?" ಎಂದು ಅಜ್ಜಿ ಕೇಳಿದಾಗ, "ಥಂಡಿಗೆ ಹಿಡಿದುಕೊಂಡಿದೆ ಅಜ್ಜಿ," ಎಂದು ಅವರ ಕಾಲಿಗೆ ಬಿದ್ದ. ಸಂಜೆಯ ರೈಲಿಗೆ ನಾನೇ ಹತ್ತಿಸಿ ಬಂದೆ. ಕೊನೆ ಸಿಕ್ಕಿತೇ ಎಂದು ಕೇಳಿದೆ. "ಮಣೆಯ ಮೇಲೆ ಸಿಕ್ಕಿತು. ಕಿವಿಯಲ್ಲಿ ಇನ್ನೂ ಕೇಳಿಲ್ಲ," ಎಂದ. ರೈಲು ಹೊರಟ ಮೇಲೆ ಕಿಟಕಿಯಿಂದ, "ಗಂಧದ ವಿಷಯ ಅಜ್ಜಿಗೆ ಹೇಳಬೇಡ," ಎಂದು ಕೂಗಿದ.

ನಾನು ಹೇಳಿಲ್ಲ. ನಿಮ್ಮ ಪತ್ರದಲ್ಲೂ ಇದನ್ನು ಎತ್ತಬೇಡಿ. ಪತ್ರವನ್ನು ಅಜ್ಜಿ ನನ್ನಿಂದ ಓದಿಸುತ್ತಾರೆ, ನನಗೆ ಓದುತ್ತ ಓದುತ್ತ ಸಾಲು ನುಂಗಲು ಬರುವುದಿಲ್ಲ. ಅಮ್ಮನಿಗೆ ನಮಸ್ಕಾರ, ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡದಿರಲಿ.

ನಿಮ್ಮ ಮಗಳು
ಚೂಡಾಮಣಿ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ತಂತಿ ಬಂತು. ರಂಗ ಆಯ್ಕೆಯಾಗಿಲ್ಲ. ಮೇಷ್ಟರು ಮುಂದಿನ ವರ್ಷ ಮತ್ತೆ ಅವನ ಸಂಗೀತ ಕೇಳುತ್ತಾರಂತೆ. ಅಜ್ಜಿಗೆ ಓದಿ ಹೇಳಿದೆ. ಅವರು ಎದ್ದು, ಒದ್ದೆ ಬಟ್ಟೆ, ತೆಂಗಿನ ಕಡ್ಡಿ ಹಿಡಿದು ಪಿಯಾನೋ ಮುಂದೆ ಕೂತು ಸಂದುಗಳನ್ನು ಬಿಡಿಸುತ್ತಿದ್ದಾರೆ. "ಥಂಡಿಯಂತೆ ಥಂಡಿ! ಗಂಧ ತೇಯ್ದವಳು ನಾನು, ನನಗೆ ಕಣ್ಣಿಲ್ಲವೇನೇ?" ಅಲ್ಲಿಂದಲೇ ನಿಮಗೆ ಹೇಳುತ್ತಿರುವುದನ್ನು ಬರೆಯುತ್ತಿದ್ದೇನೆ: "ತಿರುನಾರಾಯಣಾ, ಹುಡುಗನಿಗೆ ಇನ್ನೊಂದು ವರ್ಷ ಕೊಡು. ಬ್ಯಾಂಕು ಎಲ್ಲಿಗೂ ಓಡಿಹೋಗೋಲ್ಲ. ಬರೋ ದಸರೆಗೆ ಪುಸ್ತಕ ಮಾತ್ರ ಪೂಜೆಗಿಡ್ತೀನಿ." ಉತ್ತರವನ್ನು ಅಜ್ಜಿಯ ಹೆಸರಿಗೇ ಬರೆಯಿರಿ.