‘ನೋಡಲಿಲ್ಲ’ ಎಂಬ ಮೂರನೆಯ ಚೌಕ

ವಾರ್ಡಿನ ಪಕ್ಕದ ಚಿಕ್ಕ ಕೋಣೆ,
ಮಂಗಳವಾರ, ಮಾರ್ಚ್ ೧೧, ಮಧ್ಯಾಹ್ನ ಎರಡೂಕಾಲು

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಬೆನ್ನು ನೋವು ಕಡಿಮೆಯಾಯಿತೇ? ಕ್ರೇನಿನ ಕ್ಯಾಬಿನ್ನಿಗೆ ಹೊಸ ಸೀಟು ಹಾಕಿಸಿಕೊಡುತ್ತೇವೆ ಎಂದವರು ಹಾಕಿಸಿದರೇ, ಇಲ್ಲ ಇನ್ನೂ ಆ ಹರಿದ ದಿಂಬಿನ ಮೇಲೇ ದಿನ ತಳ್ಳುತ್ತಿದ್ದೀಯಾ? ಊಟ ಸರಿಯಾಗಿ ಮಾಡು. ಇದು ಅಮ್ಮನ ಮಾತು, ನನ್ನದಲ್ಲ. ನಿನಗೆ ಬರೆಯುತ್ತೇನೆ ಎಂದಾಗ ‘ಹೊಟ್ಟೆ ತುಂಬ ತಿಂತಾನಾ ಕೇಳು, ಸುಮ್ನೆ ಹೂಂ ಅಂತಾನೆ ಅವ್ನು’ ಎಂದು ಎರಡೆರಡು ಸಲ ಹೇಳಿ ಕಳಿಸಿದಳು. ಅವಳ ಮೊಣಕಾಲು ಹೇಗಿತ್ತೋ ಹಾಗೇ ಇದೆ, ಬಾಯಿ ಮಾತ್ರ ಇನ್ನಷ್ಟು ಚುರುಕಾಗಿದೆ. ನಾನು ಕೇಳಬೇಕಾಗಿರುವುದು ತೂಕದ ವಿಷಯ. ಹೋದ ಸಲ ಬಂದಾಗ ನೀನು ಬೆಲ್ಟಿಗೆ ಮೊಳೆಯಿಂದ ಹೊಸದೊಂದು ತೂತು ಹೊಡೆದುಕೊಂಡಿದ್ದೆ. ಕ್ರೇನಿನ ಏಣಿ ಹತ್ತಿಳಿದು ಕರಗಿದೆ ಎಂದೆ. ಹದಿನೆಂಟು ವರ್ಷದಿಂದ ಅದೇ ಏಣಿ ಹತ್ತುತ್ತಿದ್ದೀಯಲ್ಲ ಎಂದು ನಾನು ಆಗ ಹೇಳಲಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತು. ಆದರೆ ನಾನು ಆಸ್ಪತ್ರೆಯ ಮಾತು ತೆಗೆದ ಕೂಡಲೇ ನಿನ್ನ ಕಡೆ ಗಾಳಿ ಜೋರಾಗುತ್ತದೆ. ‘ಏನೂ ಕೇಳಿಸ್ತಿಲ್ಲ, ಮೇಲೆ ಗಾಳಿ ಜಾಸ್ತಿ, ಇಡ್ಲಾ?’ ಅನ್ನುತ್ತೀಯ. ಹೋದ ಭಾನುವಾರ ಕೆಳಗೆ ಶೆಡ್ಡಿನಲ್ಲಿ ಕೂತು ಬಟ್ಟೆ ಮಡಚುತ್ತಿದ್ದೇನೆ ಎಂದು ನೀನೇ ಹೇಳಿದ ಮೇಲೂ ಗಾಳಿ ಜೋರಾಗಿತ್ತು. ಕಾಗದಕ್ಕೆ ಗಾಳಿಯ ಕಾಟವಿಲ್ಲ. ಅರ್ಧಕ್ಕೆ ಮಡಚಿಟ್ಟರೂ ಉಳಿದದ್ದು ಅಲ್ಲೇ ಇರುತ್ತದೆ.

ನನ್ನ ಅಧ್ಯಯನ ಶುರುವಾಗಿದೆ. ವಿಷಯ ನಿನಗೆ ಅಷ್ಟಿಷ್ಟು ಗೊತ್ತು: ಕರುಳಿನ ಉರಿಯೂತಕ್ಕೆ ನಮ್ಮ ವಾರ್ಡಿನಲ್ಲಿ ಚಿಕಿತ್ಸೆ ಪಡೆದು ಮನೆಗೆ ಹೋದವರಿಗೆ ನರ್ಸೊಬ್ಬಳು ವಾರಕ್ಕೊಂದು ಸಲ ಫೋನ್ ಮಾಡಿ ವಿಚಾರಿಸಿದರೆ, ಅವರು ಮತ್ತೆ ಬಂದು ಮಲಗುವುದು ಕಡಿಮೆಯಾಗುತ್ತದೆಯೇ ಎಂದು ನೋಡುವುದು. ನಲವತ್ತು ಜನ ಒಪ್ಪಿದ್ದಾರೆ. ಒಬ್ಬೊಬ್ಬರಿಗೂ ಹದಿನಾಲ್ಕು ಪುಟದ ಒಂದು ದಿನಚರಿ ಪುಸ್ತಕ ಕೊಡುತ್ತೇವೆ, ದಿನಕ್ಕೊಂದು ಪುಟ. ಎಷ್ಟು ಸಲ ಶೌಚಕ್ಕೆ ಹೋದಿರಿ, ಹೇಗಿತ್ತು, ನೋವು ಹತ್ತಕ್ಕೆ ಎಷ್ಟು, ರಕ್ತ ಇತ್ತೇ ಇಲ್ಲವೇ. ಕೊನೆಗೆ, ಹೊಟ್ಟೆಯ ದೆಸೆಯಿಂದ ಇವತ್ತು ಏನು ತಪ್ಪಿತು. ಈ ಕೊನೆಯ ಪ್ರಶ್ನೆ ನನ್ನದು, ಅದಕ್ಕೆ ಬರುವ ಉತ್ತರಗಳೇ ಬೇರೆ ಥರ. ಬಸ್ ಕಂಡಕ್ಟರ್ ಒಬ್ಬರು ತಮ್ಮ ರೂಟಿನಲ್ಲಿ ಎಲ್ಲೆಲ್ಲಿ ಬೀಗ ಹಾಕದ ಶೌಚಾಲಯವಿದೆ ಎಂದು ನಕಾಶೆಯನ್ನೇ ಬರೆದುಕೊಟ್ಟಿದ್ದಾರೆ. ನಿವೃತ್ತ ಮೇಷ್ಟ್ರೊಬ್ಬರು ನೋವಿಗೆ ದಿನವೂ ಏಳು ಅಂಕ ಕೊಟ್ಟು, ‘ಹತ್ತಕ್ಕೆ ಏಳು ಅಂದ್ರೆ ಫಸ್ಟ್ ಕ್ಲಾಸ್ ಅಲ್ವಾ ಸಿಸ್ಟರ್?’ ಎಂದು ನಗಿಸಿದರು. ನಗಿಸಿದ್ದು ನಮ್ಮನ್ನು, ಅವರು ನಗಲಿಲ್ಲ.

ತೊಂದರೆ ಬಂದದ್ದು ಟೈಲರ್ ಒಬ್ಬರ ಪುಸ್ತಕದಲ್ಲಿ. ಹದಿನಾಲ್ಕೂ ದಿನ ಒಂದೇ ಶಾಯಿ, ಅಕ್ಷರದ ಒಂದೇ ವಾಲು, ಪೆನ್ನಿನ ಒಂದೇ ಒತ್ತು. ರಕ್ತದ ಕಾಲಮಿನಲ್ಲಿ ಹದಿನಾಲ್ಕು ‘ಇಲ್ಲ’. ಹದಿನಾಲ್ಕು ದಿನವೂ ಒಂದೇ ಥರ ಕೂತು, ಒಂದೇ ಮನಸ್ಸಿನಿಂದ ಬರೆಯುವ ಮನುಷ್ಯ ಎಲ್ಲಿಯೂ ಇಲ್ಲ. ಕೇಳಿದೆ. ‘ನಿಮ್ಮ ಈ ಬೆಂಚ್ ಮೇಲೇ ಕೂತು ಬರ್ದೆ ಸಿಸ್ಟರ್. ಒಂದು ಸಲ ತಗೊಂಡ ಅಳತೆ ವರ್ಷವಾದ್ರೂ ಮರಿಯಲ್ಲ ನಾನು. ಇದನ್ನ ಮರೀತೀನಾ?’ ಎಂದರು. ಅವರಿಗೆ ನಾಚಿಕೆಯೇನೂ ಇರಲಿಲ್ಲ. ನಾನು ಅದನ್ನು ಬೇರೆ ಇಟ್ಟು, ಮೇಲೆ ‘ಒಂದೇ ಸಲ ತುಂಬಿದ್ದು’ ಎಂದು ಪೆನ್ಸಿಲ್ಲಿನಲ್ಲಿ ಬರೆದೆ. ಇಂಥದ್ದನ್ನು ಹಿಡಿಯುವುದರಲ್ಲಿ ನನ್ನ ಕಣ್ಣು ಚೂಪು ಎಂದು ವಾರ್ಡಿನಲ್ಲಿ ಹೆಸರಿದೆ.

ನಮ್ಮ ದೊಡ್ಡ ಸಿಸ್ಟರ್ ಬಗ್ಗೆ ಹಿಂದೆ ಹೇಳಿದ್ದೇನೆ, ಇಪ್ಪತ್ತೊಂಬತ್ತು ವರ್ಷದ ಸರ್ವಿಸು, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಕನ್ನಡಕ ಹುಡುಕುವವರು. ಅವರದೊಂದು ನಿಯಮವಿದೆ. ಯಾವ ಹೊಸ ಫಾರಂ ಬಂದರೂ ಅದನ್ನು ಮಾಡಿದವರೇ ಮೊದಲು ಪೂರ್ತಿ ಅವಧಿ ತುಂಬಿ ತೋರಿಸಬೇಕು. ‘ನೀವೇ ತುಂಬಲಾರದ ಫಾರಂನ ನೋವಲ್ಲಿರೋರ ಕೈಗೆ ಕೊಡ್ಬೇಡಿ’ ಎಂಬುದು ಅವರ ಮಾತು. ನಾನು ಜನವರಿಯಲ್ಲೇ ತುಂಬಿ ಕೊಟ್ಟಿದ್ದೆ. ಅವರು ಅದನ್ನು ಕಪಾಟಿನಲ್ಲಿ ಇಟ್ಟು ಮರೆತಿದ್ದರು, ಅಥವಾ ಮರೆತಿದ್ದಾರೆ ಎಂದು ನಾನು ಅಂದುಕೊಂಡಿದ್ದೆ. ಟೈಲರ್ ಪುಸ್ತಕದ ವಿಷಯ ಹೇಳಿದ ದಿನ ಅವರು ಕಪಾಟು ತೆಗೆದು, ನನ್ನ ಪುಸ್ತಕವನ್ನು ಅದರ ಪಕ್ಕಕ್ಕೆ ಇಟ್ಟರು. ಆರರಿಂದ ಒಂಬತ್ತನೆಯ ದಿನದವರೆಗಿನ ಪುಟಗಳನ್ನು ತೆರೆದು ಹಿಡಿದು, ‘ಇದ್ರಲ್ಲಿ ಟೈಲರ್ ಯಾರು ಹೇಳಿ’ ಎಂದರು.

ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಮೊದಲ ಐದು ದಿನ ನಾನು ನಿಮಿಷ ಸಮೇತ ಬರೆದಿದ್ದೆ. ಆರನೆಯ ಬೆಳಿಗ್ಗೆ ರಕ್ತ ಕಂಡಿತು. ಹೆಚ್ಚಲ್ಲ, ಆದರೆ ಅನುಮಾನಕ್ಕೆ ಜಾಗವಿರಲಿಲ್ಲ. ಇಂಥ ಹೊತ್ತಿನಲ್ಲಿ ರೋಗಿಗಳು ಬೀಟ್‌ರೂಟಿನ ಹೆಸರು ಹೇಳುತ್ತಾರೆ. ಹೊಸ ನರ್ಸುಗಳಿಗೆ ಪಾಠ ಮಾಡುವಾಗ ಅದನ್ನು ತಮಾಷೆಯಾಗಿ ಹೇಳುವವಳು ನಾನೇ. ನಾನೂ ಬೀಟ್‌ರೂಟ್ ಎಂದೇ ಅಂದುಕೊಂಡೆ. ಆ ವಾರ ಮನೆಗೆ ಬೀಟ್‌ರೂಟ್ ಬಂದಿರಲೇ ಇಲ್ಲ. ಪುಸ್ತಕವನ್ನು ಚೀಲದ ತಳಕ್ಕೆ ಹಾಕಿದೆ. ಏಳು, ಎಂಟು, ಒಂಬತ್ತು, ಈ ಮೂರು ದಿನ ನಾನು ದೀಪ ಹಾಕದೆ, ತಿರುಗಿ ನೋಡದೆ ನೀರು ಬಿಟ್ಟು ಬಂದೆ. ಒಂಬತ್ತನೆಯ ದಿನ ಇದೇ ಕೋಣೆಯಲ್ಲಿ ಕೂತು ನಾಲ್ಕೂ ದಿನದ್ದನ್ನು ಒಟ್ಟಿಗೆ ತುಂಬಿದೆ. ರಕ್ತ: ಇಲ್ಲ, ಇಲ್ಲ, ಇಲ್ಲ, ಇಲ್ಲ. ಪರೀಕ್ಷೆ ಮಾಡುತ್ತಿರುವುದು ಫಾರಂ ಅನ್ನು, ನನ್ನನ್ನಲ್ಲ ಎಂದು ಸಮಾಧಾನ ಹೇಳಿಕೊಂಡೆ. ಹನ್ನೊಂದು ವರ್ಷ ಇದೇ ವಾರ್ಡಿನಲ್ಲಿ ಇದ್ದವಳಿಗೆ ಆ ಕಾಲಮಿನಲ್ಲಿ ‘ಇತ್ತು’ ಎಂಬ ಒಂದು ಪದ ಬರೆಯಲು ಆಗಲಿಲ್ಲ. ಇದನ್ನೆಲ್ಲ ಅವತ್ತು ಹೇಳಿಬಿಟ್ಟೆ. ದೊಡ್ಡ ಸಿಸ್ಟರ್ ಬೈಯಲಿಲ್ಲ. ‘ಯಾವಾಗ ಮಾಡಿಸ್ಕೋತೀರಿ?’ ಎಂದು ಮಾತ್ರ ಕೇಳಿ, ನಾನು ಉತ್ತರ ಕೊಡುವ ಮುಂಚೆಯೇ ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದರು.

ಮಾಡಿಸಿಕೊಂಡೆ, ಫೆಬ್ರವರಿ ಕೊನೆಯ ವಾರ. ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಬಳುಕುವ ನಳಿಗೆಯನ್ನು ಕೆಳಗಿನಿಂದ ಹಾಕಿ ದೊಡ್ಡ ಕರುಳನ್ನು ಪೂರ್ತಿ ನೋಡುವುದು. ಕಷ್ಟವಾಗುವುದು ಹಿಂದಿನ ದಿನ. ಹೊಟ್ಟೆ ತೊಳೆಯಲು ಕುಡಿಯುವ ಆ ದ್ರವ ಉಪ್ಪುನೀರಿಗೆ ಯಾರೋ ನಿಂಬೆಹಣ್ಣು ತೋರಿಸಿ ವಾಪಸು ತೆಗೆದುಕೊಂಡ ಹಾಗಿರುತ್ತದೆ. ಅಮ್ಮನಿಗೆ ವಾರ್ಡಿನಲ್ಲಿ ಎರಡು ಪಾಳಿ ಎಂದು ಹೇಳಿದ್ದೆ. ಮೇಜಿನ ಮೇಲೆ ಎಡಕ್ಕೆ ಮಲಗಿದಾಗ, ಗೋಡೆಯಲ್ಲಿ ರೋಗಿಯ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಒಂದು ಮಸಿ ಕಲೆ ಇರುವುದು ಕಂಡಿತು. ಹನ್ನೊಂದು ವರ್ಷ ಅದೇ ಗೋಡೆಯ ಪಕ್ಕ ನಿಂತಿದ್ದೇನೆ, ಅದನ್ನು ನೋಡಿರಲಿಲ್ಲ. ‘ಸ್ವಲ್ಪ ಗಾಳಿ ತುಂಬಿದ ಹಾಗಾಗುತ್ತೆ ಅಷ್ಟೇ’ ಎಂದು ರೋಗಿಗಳಿಗೆ ಹೇಳುತ್ತಿದ್ದೆ. ಸ್ವಲ್ಪ ಅಲ್ಲ. ಈಗ ‘ಹತ್ತು ನಿಮಿಷ ಹೊಟ್ಟೆ ಬಿಗಿಯುತ್ತೆ, ಆಮೇಲೆ ಬಿಡುತ್ತೆ’ ಎನ್ನುತ್ತೇನೆ. ಎರಡು ಪಾಲಿಪ್ ಸಿಕ್ಕವು, ಒಳಗೋಡೆಯ ಮೇಲೆ ಬೆಳೆಯುವ ಸಣ್ಣ ಗಂಟುಗಳು. ಅಲ್ಲೇ ಕತ್ತರಿಸಿ ತೆಗೆದರು. ಲ್ಯಾಬಿನ ವರದಿ ಬಂದಿದೆ: ಕ್ಯಾನ್ಸರ್ ಅಲ್ಲ. ಬಿಟ್ಟಿದ್ದರೆ ಕೆಲವು ವರ್ಷಗಳಲ್ಲಿ ಆಗಬಹುದಾದ ಜಾತಿಯದು. ನಾನು ಈಗ ಚೆನ್ನಾಗಿದ್ದೇನೆ, ಇದನ್ನು ಎರಡು ಸಲ ಓದಿಕೋ.

ಡಾಕ್ಟರು ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತೇ ಎಂದು ಕೇಳಿದರು. ಅಪ್ಪ, ಐವತ್ತೊಂದು ವರ್ಷ, ಗೊತ್ತಾಗಿ ನಾಲ್ಕು ತಿಂಗಳಿಗೆ ಹೋದರು ಎಂದೆ. ‘ಹಾಗಿದ್ರೆ ನಲವತ್ತಕ್ಕೇ ಮಾಡಿಸ್ಕೋಬೇಕಿತ್ತಲ್ಲ, ನರ್ಸ್ ಆಗಿದ್ದುಕೊಂಡು!’ ಎಂದರು. ನಿನ್ನ ವಯಸ್ಸು ಕೇಳಿದರು. ನಲವತ್ತೇಳು ಎಂದೆ. ಅವರು ಪೆನ್ನು ಕೆಳಗಿಟ್ಟರು.

ಅಪ್ಪ ಪೇಪರ್ ಹಿಡಿದು ಒಳಗೆ ಹೋಗುತ್ತಿದ್ದದ್ದು ನಿನಗೆ ನೆನಪಿರಲೇಬೇಕು. ಮೊದಮೊದಲು ಹತ್ತು ನಿಮಿಷ, ಕೊನೆಕೊನೆಗೆ ಮುಕ್ಕಾಲು ಗಂಟೆ. ಅಮ್ಮ ಬಾಗಿಲು ತಟ್ಟಿದರೆ ‘ಇವತ್ತು ಸುದ್ದಿ ಜಾಸ್ತಿ ಇದೆ’ ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರು ಹೋದ ಮೇಲೆ, ಅವರ ಡ್ರೈವರ್ ಯೂನಿಫಾರಂ ಡಿಪೋಗೆ ಹಿಂತಿರುಗಿಸಲು ಹೊರಟ ದಿನ, ಗೇಟಿನ ಬಳಿ ನೀನು ನನಗೆ ಒಂದು ಮಾತು ಹೇಳಿದೆ. ಕಾಯಿಲೆ ಗೊತ್ತಾಗುವುದಕ್ಕೆ ಎಂಟು ತಿಂಗಳು ಮುಂಚೆಯೇ ನೀನು ನೀರಿನಲ್ಲಿ ಕೆಂಪು ನೋಡಿದ್ದೆ, ‘ಅಮ್ಮಂಗೆ ಹೇಳ್ಬೇಡ, ಸುಮ್ನೆ ಹೆದರ್ತಾಳೆ’ ಎಂದು ಅಪ್ಪ ಹೇಳಿದ್ದರು, ನೀನು ಹೇಳಲಿಲ್ಲ. ನಿನಗೆ ಆಗ ಹದಿನೇಳು. ಮತ್ತೆ ಆ ಮಾತನ್ನು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೀನು ಹೇಳಿದ್ದರೆ ಅವರು ಬದುಕುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಸಮಾಧಾನಕ್ಕೆಂದು ಬರೆಯುವುದಿಲ್ಲ. ಗೊತ್ತಿರುವುದು ಇಷ್ಟು: ನೋಡಿದ್ದನ್ನು ಹೇಳುವ ಕೆಲಸ ಅಪ್ಪನದಾಗಿತ್ತು. ಅದನ್ನು ಅವರು ಹದಿನೇಳು ವರ್ಷದವನ ತಲೆಗೆ ಕಟ್ಟಿದರು.

ಪುಸ್ತಕವನ್ನು ಈಗ ತಿದ್ದಿದ್ದೇವೆ. ರಕ್ತದ ಕಾಲಮಿನಲ್ಲಿ ‘ಇತ್ತು’, ‘ಇಲ್ಲ’ಗಳ ಪಕ್ಕ ಮೂರನೆಯ ಚೌಕ ಒಂದನ್ನು ಸೇರಿಸಿದೆ: ‘ನೋಡಲಿಲ್ಲ’. ದೊಡ್ಡ ಸಿಸ್ಟರ್ ಕನ್ನಡಕ ಇಳಿಸಿ ನೋಡಿ, ಸಹಿ ಹಾಕಿದರು. ಹೊಸ ಪುಸ್ತಕ ಕೊಟ್ಟ ಮೊದಲ ಹದಿನೈದು ದಿನದಲ್ಲೇ ನಲವತ್ತರಲ್ಲಿ ಹನ್ನೊಂದು ಜನ ಅದಕ್ಕೆ ಗುರುತು ಹಾಕಿದ್ದಾರೆ. ಟೈಲರ್ ಹಾಕಿದ್ದು ಆರು ಸಲ, ಬೇರೆ ಬೇರೆ ಶಾಯಿಯಲ್ಲಿ. ನಾನು ವಾರದ ಫೋನನ್ನು ಈಗ ಮೊದಲು ಮಾಡುವುದು ಈ ಹನ್ನೊಂದು ಜನರಿಗೆ.

ಮೂರು ಗಂಟೆಗೆ ಔಷಧಿಯ ಸುತ್ತು ಶುರುವಾಗುತ್ತದೆ, ನಿಲ್ಲಿಸುತ್ತೇನೆ. ಅಮ್ಮ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ, ಜೊತೆಗೆ ಆ ಬೂದು ಸ್ವೆಟರ್ ಒಗೆಯುವಾಗ ಹಿಂಡಬೇಡ ಎಂದೂ. ನಿನ್ನ ಆರೋಗ್ಯ ನೋಡಿಕೋ. ಇದು ಮಾತ್ರ ನನ್ನ ಮಾತು.

ಇಂತಿ,
ನಿನ್ನ ತಂಗಿ

ಮರೆತಿದ್ದೆ: ಲಕೋಟೆಯಲ್ಲಿ ನಲವತ್ತೊಂದನೆಯ ನಂಬರಿನ ಪುಸ್ತಕ ಇಟ್ಟಿದ್ದೇನೆ. ಅಧ್ಯಯನದಲ್ಲಿರುವವರು ನಲವತ್ತೇ ಜನ. ಏಪ್ರಿಲ್ ೩, ಗುರುವಾರ, ಬೆಳಿಗ್ಗೆ ಎಂಟೂವರೆಗೆ ಇದೇ ಪರೀಕ್ಷೆಗೆ ನಿನ್ನ ಹೆಸರು ಬರೆಸಿದ್ದೇನೆ, ಎರಡು ದಿನ ಮುಂಚೆಯೇ ಬಾ. ರಜೆಗೆ ಏನು ಕಾರಣ ಹೇಳಬೇಕೋ ತೋಚದಿದ್ದರೆ ತಂಗಿಗೆ ಹುಷಾರಿಲ್ಲ ಎನ್ನು, ಸುಳ್ಳೇನೂ ಅಲ್ಲ. ಇನ್ನೊಂದು. ಹೋದ ಸಲ ನೀನು ಹೊರಡುವ ದಿನ ಬೆಳಿಗ್ಗೆ ಪೇಪರ್ ಹಿಡಿದು ಒಳಗೆ ಹೋಗಿ ನಲವತ್ತು ನಿಮಿಷ ಇದ್ದೆ. ಅವತ್ತಿನ ಪೇಪರ್ ಇನ್ನೂ ಬಂದಿರಲಿಲ್ಲ. ನಿನ್ನ ಕೈಯಲ್ಲಿದ್ದದ್ದು ಹಿಂದಿನ ದಿನದ್ದು, ಅಮ್ಮನಿಗೆ ನೀನೇ ಪೂರ್ತಿ ಓದಿ ಹೇಳಿದ್ದು. ನಾನು ಬಾಗಿಲ ಹೊರಗೇ ನಿಂತಿದ್ದೆ, ಆದರೂ ನಿನ್ನನ್ನು ಏನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.